ಓಡ್ತೋ, ಜಗ್ತೋ?

ಪೇಟಿ ಮಾಸ್ತರು ಬಾಜಾ ನಿಲ್ಲಿಸಿ ಕೇಳಿದರು: ‘ಓಡ್ತೋ, ಜಗ್ತೋ?’

ಡಗ್ಗಾದ ಮುಂದೆ ಕುಂತಿದ್ದ ಹುಡುಗ ತಲೆ ಎತ್ತಲಿಲ್ಲ. ಲಯ ಓಡಿತ್ತೋ, ಜಗ್ಗಿತ್ತೋ, ಎರಡರಲ್ಲಿ ಒಂದು ಆಗಿದ್ದಂತೂ ಖರೆ. ಯಾವುದು ಅಂತ ಗೊತ್ತಿದ್ದರೆ ಅವನು ತಪ್ಪುತ್ತಲೇ ಇರಲಿಲ್ಲ. ಸುಮ್ಮನಿದ್ದರೆ ಬೈಗುಳ, ‘ಓಡ್ತು’ ಅಂದರೆ ‘ಹಂಗಾರ ಯಾಕ ಓಡಿಸಿದಿ?’, ‘ಜಗ್ತು’ ಅಂದರೆ ‘ಕಿವಿ ಎಲ್ಲಿಟ್ಟೀಯಪಾ, ಓಡೈತದು.’ ಲಿಂಗಸುಗೂರು ತಾಲ್ಲೂಕಿನ ನಮ್ಮೂರಲ್ಲಿ ಜಾತ್ರೆಗೆ ಎರಡು ತಿಂಗಳಿದೆ ಅನ್ನುವಾಗ ಶಾಲೆಯ ಪಡಸಾಲೆಯಲ್ಲಿ ನಾಟಕದ ತಾಲೀಮು ಶುರುವಾಗುತ್ತಿತ್ತು. ಉಂಡು ಬಂದು ರಾತ್ರಿ ಹತ್ತಕ್ಕೆ ಕೂತರೆ ಎರಡೂವರೆ ತನಕ. ಮಾಸ್ತರನ್ನು ಹೊರಗಿನಿಂದ ಕರೆಸಿ, ಒಂದು ಮನೆಯಲ್ಲಿ ಇಳಿಸಿ, ಸರತಿಯಂತೆ ಮನೆಮನೆಯ ರೊಟ್ಟಿ ಊಟ ಕೊಟ್ಟು, ಕೊನೆಗೆ ಒಂದಿಷ್ಟು ಸಂಭಾವನೆ, ಒಂದು ಪಟಗ ಕೊಡುವುದು ವಾಡಿಕೆ. ಆ ಎರಡು ತಿಂಗಳು ಊರಿನಲ್ಲಿ ಮಾಸ್ತರ ಮಾತಿಗೆ ಗೌಡರ ಮಾತಿಗಿಂತ ತೂಕ ಹೆಚ್ಚು. ಗಳೆ ಹೊಡೆದು ದಣಿದು ಬಂದ ಮೂವತ್ತು ವರ್ಷದ ಗಂಡಾಳುಗಳೂ ಅವರ ಎದುರು ಕೈಕಟ್ಟಿ ನಿಂತು ಬೈಸಿಕೊಳ್ಳುತ್ತಿದ್ದರು.

ನಾನಾಗ ಒಂಬತ್ತನೇ ಕ್ಲಾಸು. ಸಖಿಯ ಪಾರ್ಟು. ನನ್ನದು ಎರಡೇ ಮಾತಾದ್ದರಿಂದ ಉಳಿದ ಹೊತ್ತೆಲ್ಲ ಮಾಸ್ತರ ಕೈ ನೋಡುತ್ತ ಕೂರುತ್ತಿದ್ದೆ. ಆ ಹುಡುಗ ನನಗಿಂತ ಎರಡು ವರ್ಷ ದೊಡ್ಡವನು. ಮನೆಯಲ್ಲಿ ತಲೆತಲಾಂತರದಿಂದ ಹಲಗಿ ಬಾರಿಸುವವರು. ಪಡಸಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಿದ್ದವನನ್ನು ಮಾಸ್ತರೇ ಒಂದು ರಾತ್ರಿ ಗುರುತಿಸಿ, ‘ಒಳಗ ಬಾ, ಕೂಡು’ ಅಂದು ತಬಲಾದ ಮುಂದೆ ಕೂರಿಸಿದ್ದರು. ಊರಿನ ಕೆಲವರಿಗೆ ಇದು ಸರಿ ಬರಲಿಲ್ಲ. ಮಾಸ್ತರು ಕೇಳಲಿಲ್ಲ. ಇಪ್ಪತ್ತು ದಿನದಲ್ಲಿ ಅವನ ಕೈಯಲ್ಲಿ ಕೇರವಾ ಎಷ್ಟು ಚಂದ ಕುಣಿಯುತ್ತಿತ್ತೆಂದರೆ, ಖಳನಾಯಕನ ಪಾರ್ಟಿನವನೂ ಮಾತು ಮರೆತು ತಲೆಯಾಡಿಸುತ್ತಿದ್ದ.

ಅವತ್ತು ಮೂರು ಸಲ ನಿಲ್ಲಿಸಿದರು. ನಾಲ್ಕನೇ ಸಲ ಮಾಸ್ತರು ತಬಲಾದ ಗಟ್ಟಾ ಬಡಿದು ಶ್ರುತಿ ಮಾಡುವ ಸಣ್ಣ ಸುತ್ತಿಗೆ ಎತ್ತಿ ಎಸೆದರು. ಅದು ಅವನಿಗೆ ತಾಗಲಿಲ್ಲ, ಹಿಂದಿನ ಗೋಡೆಯ ಸುಣ್ಣ ಕಿತ್ತು ಬಿತ್ತು. ತಾಗಿದ್ದು ಮಾತು. ‘ಹಲಗಿ ಬಡದಂಗ ಬಡೀಬ್ಯಾಡಲೇ.’

ಹುಡುಗ ಎದ್ದ. ತಬಲಾದ ಮೇಲೆ ಬಟ್ಟೆ ಹೊದಿಸಿದ, ಅದನ್ನು ಮಾತ್ರ ಮರೆಯಲಿಲ್ಲ. ಕಟ್ಟೆ ಇಳಿದು ಕತ್ತಲಲ್ಲಿ ಹೋದವನು ಮತ್ತೆ ತಾಲೀಮಿಗೆ ಬರಲಿಲ್ಲ.

ಬಹಳ ವರ್ಷ ಆದಮೇಲೆ ‘ವಿಪ್‌ಲ್ಯಾಶ್’ ಸಿನಿಮಾ ನೋಡುವಾಗ ನನ್ನ ಮೈ ಝುಮ್ಮೆಂದದ್ದು ಇದಕ್ಕೇ. ನ್ಯೂಯಾರ್ಕಿನ ಒಂದು ಕಲ್ಪಿತ ಸಂಗೀತ ಶಾಲೆ. ಹತ್ತೊಂಬತ್ತರ ಹುಡುಗ ಆ್ಯಂಡ್ರೂ ಡ್ರಮ್ಸ್ ಬಾರಿಸುತ್ತಿದ್ದಾನೆ. ಕರಿ ಟೀಶರ್ಟಿನ ಬೋಳುತಲೆಯ ಮಾಸ್ತರ ಫ್ಲೆಚರ್ ಕುರ್ಚಿ ಎತ್ತಿ ಅವನ ತಲೆಯತ್ತ ಬೀಸಿ ಒಗೆಯುತ್ತಾನೆ. ಆಮೇಲೆ ಹತ್ತಿರ ಬಂದು, ಕೆನ್ನೆಗೆ ತಾಳ ಹಾಕಿದಂತೆ ಹೊಡೆಯುತ್ತ, ಕೇಳುವ ಪ್ರಶ್ನೆ ನಮ್ಮ ಪೇಟಿ ಮಾಸ್ತರ ಪ್ರಶ್ನೆಯೇ: ಓಡ್ತೋ, ಜಗ್ತೋ?

ಡೇಮಿಯನ್ ಶಜೆಲ್ ಈ ಚಿತ್ರವನ್ನು ಬರೀ 19 ದಿನದಲ್ಲಿ ಚಿತ್ರಿಸಿದ. 2014ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಬಹುಮಾನ, ಪ್ರೇಕ್ಷಕರ ಬಹುಮಾನ ಎರಡೂ ಇದಕ್ಕೇ ಬಂದವು. ಮರುವರ್ಷ ಮೂರು ಆಸ್ಕರ್: ಸಂಕಲನಕ್ಕೆ, ಧ್ವನಿ ಮಿಶ್ರಣಕ್ಕೆ, ಫ್ಲೆಚರ್ ಆಗಿ ನಟಿಸಿದ ಜೆ.ಕೆ. ಸಿಮನ್ಸ್‌ಗೆ. ಶಜೆಲ್ ಸ್ವತಃ ಹೈಸ್ಕೂಲಿನ ಜಾಝ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು, ಕಟ್ಟುನಿಟ್ಟಿನ ಮಾಸ್ತರೊಬ್ಬರ ಕೈಯಲ್ಲಿ ಬೆವತವನು. ಆ ಹೆದರಿಕೆ ಚಿತ್ರದ ಮೈಯೊಳಗೇ ಇದೆ. ಹೆಸರು ಕೊಟ್ಟ ‘ವಿಪ್‌ಲ್ಯಾಶ್’ ಹ್ಯಾಂಕ್ ಲೆವಿಯ ರಚನೆ, ಏಳರ ಲೆಕ್ಕದ್ದು. ನಮ್ಮ ರೂಪಕ ತಾಳಕ್ಕೂ ಏಳೇ ಮಾತ್ರೆ. ತಬಲಾ ಕಲಿಯುವ ಹುಡುಗರನ್ನು ರೂಪಕ ಚೆನ್ನಾಗಿ ಕಾಡುತ್ತದೆ, ಏಕೆಂದರೆ ಅದರ ಸಮ್ ಬೀಳುವುದೇ ಖಾಲಿಯ ಮೇಲೆ. ಗಟ್ಟಿ ಪೆಟ್ಟು ಬರುತ್ತದೆ ಅಂತ ಕಾದಲ್ಲಿ ಪೆಟ್ಟು ಇರುವುದಿಲ್ಲ.

ಫ್ಲೆಚರ್ ಮಾಡುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸಿದ್ದು ಕುರ್ಚಿ ಒಗೆದದ್ದಲ್ಲ. ಅದಕ್ಕೂ ಸ್ವಲ್ಪ ಮುಂಚೆ ಹುಡುಗನನ್ನು ಹೊರಗೆ ಗೋಡೆಗೆ ಒರಗಿಸಿ ನಿಲ್ಲಿಸಿಕೊಂಡು, ಅಪ್ಪ ಏನು ಮಾಡುತ್ತಾರೆ, ಅವ್ವ ಎಲ್ಲಿದ್ದಾಳೆ ಅಂತ ಅಕ್ಕರೆಯಿಂದ ವಿಚಾರಿಸುತ್ತಾನೆ. ಅವ್ವ ಚಿಕ್ಕಂದಿನಲ್ಲೇ ಬಿಟ್ಟುಹೋದಳು ಅಂತ ಹುಡುಗ ನಂಬಿ ಹೇಳುತ್ತಾನೆ. ಹತ್ತು ನಿಮಿಷ ಕಳೆದಿರುವುದಿಲ್ಲ, ಇಡೀ ತಂಡದ ಮುಂದೆ ಅದನ್ನೇ ಎತ್ತಿ ಆಡುತ್ತಾನೆ. ಎಲ್ಲಿ ಮುಟ್ಟಿದರೆ ನೋವಾಗುತ್ತದೆ ಎಂದು ತಿಳಿಯಲು ಮೊದಲು ಪ್ರೀತಿಯಿಂದ ಮುಟ್ಟಿ ನೋಡುವುದು. ನಮ್ಮ ಮಾಸ್ತರಿಗೂ ಆ ಹುಡುಗ ಯಾವ ಮನೆಯವನು ಅಂತ ಚೆನ್ನಾಗಿ ಗೊತ್ತಿತ್ತು. ಒಳಗೆ ಕರೆದವರೂ ಅವರೇ ತಾನೆ.

ಚಿತ್ರದಲ್ಲಿ ಫ್ಲೆಚರನ ಬಾಯಲ್ಲಿ ಪದೇಪದೇ ಬರುವ ಒಂದು ಕಥೆಯಿದೆ. ಚಾರ್ಲಿ ಪಾರ್ಕರ್ ಎಂಬ ಎಳೆಯ ಸ್ಯಾಕ್ಸೊಫೋನ್ ವಾದಕ ತಪ್ಪಿದಾಗ, ಡ್ರಮ್ಸ್‌ನ ದೊಡ್ಡಪ್ಪ ಜೋ ಜೋನ್ಸ್ ಕಂಚಿನ ತಾಳದ ತಟ್ಟೆಯನ್ನು ಅವನ ತಲೆಗೇ ಬೀಸಿ ಒಗೆದ, ಕುತ್ತಿಗೆ ಸ್ವಲ್ಪದರಲ್ಲಿ ಉಳಿಯಿತು, ಆ ಅವಮಾನವೇ ಪಾರ್ಕರನನ್ನು ಪಾರ್ಕರ್ ಮಾಡಿತು ಅಂತ. 1930ರ ದಶಕದಲ್ಲಿ ಕಾನ್ಸಾಸ್ ಸಿಟಿಯ ರೆನೋ ಕ್ಲಬ್ಬಿನಲ್ಲಿ ಇಂಥದ್ದೊಂದು ನಡೆದದ್ದು ನಿಜ. ಆದರೆ ಜೋನ್ಸ್ ತಟ್ಟೆ ಎಸೆದದ್ದು ನೆಲಕ್ಕೆ, ಪಾರ್ಕರನ ಕಾಲ ಬುಡಕ್ಕೆ. ‘ಸಾಕು, ಇಳಿ’ ಅನ್ನುವುದಕ್ಕೆ. ಜನ ನಕ್ಕರು. ಹುಡುಗ ಆಮೇಲೆ ಬೇಸಿಗೆಯಲ್ಲಿ ಓಝಾರ್ಕ್ ಬೆಟ್ಟದ ಕಡೆಗೆ ಹೋಗಿ, ಲೆಸ್ಟರ್ ಯಂಗ್‌ನ ರೆಕಾರ್ಡುಗಳನ್ನು ಕೇಳಿ ಕೇಳಿ, ಒಂದೊಂದೇ ಸ್ವರ ಹಿಡಿದು ಕಲಿತ. ಕಥೆ ಹೇಳುವವರು ಆ ಬೇಸಿಗೆಯನ್ನು ಬಿಟ್ಟರು, ತಟ್ಟೆಯನ್ನು ಇಟ್ಟುಕೊಂಡರು. ಕಾಲ ಬುಡದಲ್ಲಿ ಬಿದ್ದ ತಟ್ಟೆ ಬಾಯಿಂದ ಬಾಯಿಗೆ ಹೋಗುತ್ತ ಕುತ್ತಿಗೆಯ ಮಟ್ಟಕ್ಕೆ ಏರಿತು.

ನಮ್ಮಲ್ಲೂ ಹೀಗೇ. ಮೈಹರ್‌ನ ಬಾಬಾ ಅಲಾವುದ್ದೀನ್ ಖಾನ್ ಮಗ ಅಲಿ ಅಕ್ಬರ್‌ನನ್ನು ಮರಕ್ಕೆ ಕಟ್ಟಿ ಹೊಡೆದದ್ದು ಕೇಳದ ಸಂಗೀತದ ವಿದ್ಯಾರ್ಥಿ ಇಲ್ಲ. ಉತ್ತರ ಕರ್ನಾಟಕದ ಯಾವ ಗವಾಯಿಗಳ ಮುಂದೆ ಕೂತರೂ ಚಹಾ ಬರುವಷ್ಟರಲ್ಲಿ ಒಂದು ಪೆಟ್ಟಿನ ಕಥೆ ಬರುತ್ತದೆ. ಬೆತ್ತ, ಅಡಕೊತ್ತು, ತಂಬೂರಿಯ ಕೋಲು, ಮೊಣಕೈ. ಹೇಳುವಾಗ ಅವರ ಮುಖದಲ್ಲಿ ಒಂದು ಬೆಳಕು. ಮಿಲಿಟರಿಯವರು ಗಾಯದ ಗುರುತು ತೋರಿಸುತ್ತಾರಲ್ಲ, ಹಾಗೆ. ನಾನು ಅನುಮಾನ ಪಡುವುದು ಆ ಬೆಳಕಿನ ಮೇಲೆ. ಪೆಟ್ಟಿನ ಕಥೆ ಹೇಳುವವರೆಲ್ಲ ಪೆಟ್ಟು ತಿಂದು ಉಳಿದವರು, ಗೆದ್ದವರು. ಕಟ್ಟೆ ಇಳಿದು ಕತ್ತಲಲ್ಲಿ ಹೋದವರಿಗೆ ಯಾರೂ ಚಹಾ ಕೊಟ್ಟು ಕೇಳುವುದಿಲ್ಲ. ‘ಗುರುಗಳು ಹೊಡೆದಿದ್ದಕ್ಕೇ ನಾನು ಹಿಂಗಾದೆ’ ಅನ್ನುವವರಿಗೆ, ಹೊಡೆದಿದ್ದಕ್ಕೇ ಏನೂ ಆಗದೆ ಹೋದವರ ಲೆಕ್ಕ ಗೊತ್ತಿರುವುದಿಲ್ಲ.

ಹಾಗಂತ ನಮ್ಮ ಗುರುಗಳೆಲ್ಲ ಫ್ಲೆಚರ್‌ಗಳೇ ಅಂದುಬಿಟ್ಟರೆ ಅದೂ ಸುಳ್ಳು.

ಕುಂದಗೋಳವನ್ನೇ ನೋಡಿ. ರಾಮಭಾವು ಕುಂದಗೋಳಕರ, ಮುಂದೆ ಸವಾಯಿ ಗಂಧರ್ವ ಆದವರು, ಅಬ್ದುಲ್ ಕರೀಂ ಖಾನರಲ್ಲಿ ಕಲಿಯಲು ಹೋದಾಗ ಉಸ್ತಾದರು ಎಂಟು ವರ್ಷ ಬಿಟ್ಟು ಹೋಗಕೂಡದು ಅಂತ ಕರಾರು ಹಾಕಿದ್ದರಂತೆ. ನಾಟಕ ಕಂಪನಿಗಳಲ್ಲಿ ಹೆಸರು ಮಾಡಿ ಊರಿಗೆ ಮರಳಿದ ಮೇಲೆ ಸವಾಯಿ ಗಂಧರ್ವರು ತಮ್ಮ ಶಿಷ್ಯರಿಗೂ ಅದೇ ತಾಳ್ಮೆಯ ಶಿಕ್ಷೆ ಕೊಟ್ಟರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬರುತ್ತಿದ್ದರು. ಗುರುಗಳು ಒಂದೇ ಪಲಟಾ ಕೊಟ್ಟು ಅದನ್ನೇ ದಿನಗಟ್ಟಲೆ ಹಾಡಿಸುತ್ತಿದ್ದರು. ಜಿಪುಣ ಗಂಟು ಬಿಚ್ಚಿ ಒಂದೊಂದೇ ಕಾಸು ತೆಗೆದಂತೆ ಸ್ವರ ಬಿಡಬೇಕು ಅನ್ನುವುದು ಅವರು ಕಲಿಸಿದ ಪಾಠ. ಅದೇ ಮನೆಯಲ್ಲಿ ರೋಣದ ಹುಡುಗ ಭೀಮಸೇನ ನೀರು ಹೊರುತ್ತಿದ್ದ. ಹನ್ನೊಂದನೇ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು, ಗ್ವಾಲಿಯರ್, ಜಲಂಧರ್ ಎಲ್ಲ ಅಲೆದು ಬಂದವನಿಗೆ ಗುರು ಸಿಕ್ಕಿದ್ದು ಧಾರವಾಡ ಜಿಲ್ಲೆಯಲ್ಲೇ. ಸಂಜೆ ಗಂಗೂಬಾಯಿಯವರನ್ನು ಸ್ಟೇಷನ್ನಿಗೆ ಬಿಡಲು ಹೋಗುವಾಗ, ಇವತ್ತು ಏನು ಹೇಳಿಕೊಟ್ಟರು ಅಂತ ಕೇಳಿಕೊಂಡು ಮೆಲುಕು ಹಾಕುತ್ತಿದ್ದನಂತೆ. ಕಲಿಕೆ ಅಂದರೆ ನನ್ನ ಕಣ್ಣಿಗೆ ಬರುವುದು ಆ ದಾರಿ. ಒಬ್ಬರಿಗೆ ಕಲಿಸಿದ್ದು ಇನ್ನೊಬ್ಬರ ಕಿವಿಗೆ ಬೀಳುತ್ತ ರೈಲಿನ ಹೊತ್ತಿಗೆ ನಡೆದುಹೋಗುವ ದಾರಿ. ಫ್ಲೆಚರನ ಶಾಲೆಯಲ್ಲಿ ಇಂಥ ದಾರಿಯೇ ಇಲ್ಲ. ಅಲ್ಲಿ ಪಕ್ಕದವನ ನೋಟೇಷನ್ ಕಡತ ಕಳೆದುಹೋದರೆ ನಿನಗೆ ಕುರ್ಚಿ ಸಿಗುತ್ತದೆ.

ಎರಡು ಸಲ ನೋಡಿದ ಮೇಲೆ ನನಗೆ ಹೊಳೆದದ್ದು, ಫ್ಲೆಚರ್ ಇಡೀ ಚಿತ್ರದಲ್ಲಿ ಏನನ್ನೂ ಕಲಿಸುವುದಿಲ್ಲ. ಕೈ ಹೀಗಿಡು, ಮಣಿಕಟ್ಟು ಸಡಿಲ ಬಿಡು, ಈ ಬೋಲು ಹೀಗೆ ಬಿಡಿಸು, ಒಂದೂ ಇಲ್ಲ. ಅವನು ಬರೀ ಆರಿಸುತ್ತಾನೆ. ಜೋಳ ಹಸನು ಮಾಡುವಾಗ ಮೊರ ಕೊಡವಿದಂತೆ ಕೊಡವುತ್ತಾನೆ, ಉಳಿದವರು ಕಾಳು, ಹಾರಿದವರು ಹೊಟ್ಟು. ರಕ್ತ ಸುರಿಯುವ ಬೆರಳನ್ನು ಐಸ್ ನೀರಿನಲ್ಲಿ ಅದ್ದಿ ಆ್ಯಂಡ್ರೂ ಕಲಿಯುವುದು ಒಬ್ಬನೇ ಕೋಣೆಯಲ್ಲಿ ಕೂತು. ಜಾಝ್ ಬಲ್ಲವರಿಗೂ ಈ ಚಿತ್ರ ಸರಿ ಹೋಗಲಿಲ್ಲ. ವೇಗವೇ ಸಂಗೀತ ಅಂದುಕೊಂಡಿದೆ ಅಂತ ಅವರ ತಕರಾರು. ‘ನ್ಯೂಯಾರ್ಕರ್’ ಪತ್ರಿಕೆಯ ರಿಚರ್ಡ್ ಬ್ರಾಡಿ ಖಾರವಾಗಿಯೇ ಬರೆದ. ನನಗೂ ಹಾಗೇ ಅನಿಸಿತು. ಆದರೆ ಇದು ಸಂಗೀತದ ಚಿತ್ರ ಅಂದುಕೊಂಡರೆ ತಾನೆ ಆ ತಕರಾರು. ಇದು ಹೆದರಿಕೆಯ ಚಿತ್ರ.

ನಮ್ಮ ಕಡೆಯ ಸಂಗೀತಕ್ಕೆ ಗುರುಮನೆ ಅಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದವರು. ಹಾನಗಲ್ ಕುಮಾರಸ್ವಾಮಿಗಳ ಕೃಪೆಯಿಂದ ಕಲಿತು, ಕುರುಡ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆ ನಡೆಸಿದರು. ಅವರು 1944ರಲ್ಲಿ ತೀರಿಕೊಂಡ ಮೇಲೆ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ. 2010ರಲ್ಲಿ ಅವರು ಕಣ್ಣು ಮುಚ್ಚುವ ತನಕ ಅಲ್ಲಿ ಫೀಸು ಅನ್ನುವ ಶಬ್ದ ಇರಲಿಲ್ಲ. ಜೋಳಿಗೆಗೆ ಬಿದ್ದ ಕಾಳು, ನಾಟಕ ಕಂಪನಿಯ ಕಲೆಕ್ಷನ್ನು, ಭಕ್ತರು ಮಾಡಿಸಿದ ತುಲಾಭಾರ, ಇವುಗಳಿಂದ ಸಾವಿರಾರು ಮಕ್ಕಳು ಉಂಡರು, ಹಾಡಿದರು. ಬಸವರಾಜ ರಾಜಗುರು ಆ ಮನೆಯವರು. ಬಳ್ಳಾರಿ ಸೀಮೆಯ ವೆಂಕಟೇಶ ಕುಮಾರ್ ಅವರನ್ನು ಸೋದರಮಾವ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಅಲ್ಲಿ ತಂದು ಬಿಟ್ಟರು. ಹುಡುಗ ಹನ್ನೆರಡು ವರ್ಷ ಅಲ್ಲೇ ಉಳಿದ. ನಮ್ಮ ರಾಯಚೂರು ಜಿಲ್ಲೆಗೆ ವಚನ ಗಾಯನದ ಗುಂಗು ಹಿಡಿಸಿದ ಸಿದ್ಧರಾಮ ಜಂಬಲದಿನ್ನಿಯವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ರಾಯಚೂರಿನ ರಂಗಮಂದಿರ ಇವತ್ತು ಅವರ ಹೆಸರಿನಲ್ಲಿದೆ. ಅವರಲ್ಲಿ ಕಲಿತ ನರಸಿಂಹಲು ವಡವಾಟಿ, ಮದುವೆ ಮೆರವಣಿಗೆಯ ಬ್ಯಾಂಡಿನವರ ವಾದ್ಯ ಅನ್ನಿಸಿಕೊಂಡಿದ್ದ ಕ್ಲಾರಿಯೋನೆಟ್ ಹಿಡಿದು ಹಿಂದುಸ್ತಾನಿ ಕಛೇರಿ ಮಾಡಿದರು. ಹಳ್ಳಿಹಳ್ಳಿಗೆ ಪೇಟಿ ಮಾಸ್ತರುಗಳು ಬಂದದ್ದೂ ಎಷ್ಟೋ ಸಲ ಆ ಆಶ್ರಮದ ಬಾಗಿಲಿನಿಂದಲೇ.

ಅಲ್ಲಿ ಶಿಸ್ತು ಇರಲಿಲ್ಲವೇ? ಇತ್ತು, ಬಿಗಿಯಾಗಿಯೇ ಇತ್ತು. ಆದರೆ ಬೈದ ಗುರುವಿನ ಪಂಕ್ತಿಯಲ್ಲೇ ಆ ರಾತ್ರಿ ಊಟ. ಹುಡುಗ ತಪ್ಪಿದನೆಂದು ಹೊರಗೆ ಹಾಕುವ ಪ್ರಶ್ನೆಯೇ ಬರುವುದಿಲ್ಲ, ಹೊರಗೆ ಅವನಿಗೆ ಯಾರೂ ಇಲ್ಲ. ಗಾಯಕ ಆಗದವನು ತಬಲಾ ಹಿಡಿದ, ತಬಲಾ ಬಾರದವನು ಪೇಟಿ ಹಿಡಿದ, ಅದೂ ಬಾರದಿದ್ದರೆ ಪುರಾಣ ಹೇಳಿದ. ಮೊರ ಇತ್ತು, ಹೊಟ್ಟನ್ನು ಹಾರಿಸುತ್ತಿರಲಿಲ್ಲ. ಇಷ್ಟು ಹೇಳಿ ನಾನೇ ನನ್ನ ಮಾತಿಗೆ ತಡೆ ಹಾಕಬೇಕು. ಗುರುವಿನ ಅನ್ನ ಉಣ್ಣುವವನಿಗೆ ಗುರುವನ್ನು ಎದುರು ಹಾಕಿಕೊಳ್ಳುವ ದಾರಿಯೂ ಮುಚ್ಚಿರುತ್ತದೆ. ಫ್ಲೆಚರ್ ಮೇಲೆ ಆ್ಯಂಡ್ರೂ ದೂರು ಕೊಡಬಲ್ಲ, ಫ್ಲೆಚರನ ಕೆಲಸ ಹೋಗುತ್ತದೆ. ಗುರುಮನೆಯಲ್ಲಿ ದೂರು ಯಾರಿಗೆ ಕೊಡುವುದು? ಕೆಲವು ವರ್ಷಗಳ ಹಿಂದೆ ದೇಶದ ದೊಡ್ಡ ದೊಡ್ಡ ಸಂಗೀತ ಗುರುಕುಲಗಳ ಶಿಷ್ಯೆಯರು ಬಾಯಿ ತೆರೆದಾಗ ಹೊರಬಂದದ್ದು ಈ ಮುಚ್ಚಿದ ದಾರಿಯ ಕಥೆಗಳೇ. ಎಸ್.ಎಲ್. ಭೈರಪ್ಪನವರ ‘ಮಂದ್ರ’ ಅವಕ್ಕಿಂತ ಎಷ್ಟೋ ಮೊದಲೇ ಇದನ್ನು ಮುಲಾಜಿಲ್ಲದೆ ಬರೆದಿತ್ತು. ಅದರ ಮೋಹನಲಾಲ ಹಾಡಿದರೆ ದೇವರು, ಹಾಡು ನಿಲ್ಲಿಸಿದರೆ ಶಿಷ್ಯೆಯನ್ನು ಹರಿದು ತಿನ್ನುವ ಮನುಷ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ತಡೆದಿದೆ. ತಾಲೀಮಿನ ಪಡಸಾಲೆಗೆ ಯಾವ ಕಲಂ?

ಕನ್ನಡ ಸಿನಿಮಾಕ್ಕೆ ಗುರು ಅಂದರೆ ಭಕ್ತಿ. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ನಮ್ಮ ಕಡೆ ಎತ್ತಿನ ಗಾಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿ ನೋಡಿದ ಚಿತ್ರ. ಹಂಸಲೇಖ ಅವರಿಗೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಅದರಿಂದ ರಾಷ್ಟ್ರಪ್ರಶಸ್ತಿ ಬಂತು. ನಮ್ಮವ್ವ ಥಿಯೇಟರಿನಲ್ಲೇ ಕೈಮುಗಿದಳು. ಅಮೆರಿಕದವರು ಗುರುವನ್ನು ರಾಕ್ಷಸ ಮಾಡಿದರು, ನಾವು ದೇವರು ಮಾಡಿದೆವು. ಇಬ್ಬರೂ ಬಿಟ್ಟದ್ದು, ದಿನಾ ಬೆಳಗಾದರೆ ಅದೇ ಷಡ್ಜ, ಅದೇ ಧಾ ಧಿನ್, ಅದೇ ಬೇಸರ ಇರುವ ನಡುವಿನ ಜಾಗವನ್ನು. ಅಲ್ಲಿಗೆ ಹೋದದ್ದು ಒಂದು ಮರಾಠಿ ಚಿತ್ರ, ಚೈತನ್ಯ ತಾಮ್ಹಾಣೆಯ ‘ದಿ ಡಿಸೈಪಲ್’. 2020ರಲ್ಲಿ ವೆನಿಸ್‌ನಲ್ಲಿ ಚಿತ್ರಕಥೆಗೆ ಬಹುಮಾನ ಪಡೆದದ್ದು. ಅದರ ಗುರು ಕುರ್ಚಿ ಒಗೆಯುವುದಿಲ್ಲ. ಮುದುಕ, ಕಾಯಿಲೆಯವನು, ಶಿಷ್ಯನಿಂದ ಕಾಲು ಒತ್ತಿಸಿಕೊಳ್ಳುತ್ತಾನೆ, ಇನ್ನೂ ಆಗಿಲ್ಲ ಅನ್ನುತ್ತಾನೆ. ಶಿಷ್ಯ ಹಗಲು ರಾತ್ರಿ ಒದ್ದಾಡಿದರೂ ದೊಡ್ಡ ಗಾಯಕ ಆಗುವುದಿಲ್ಲ. ಅಷ್ಟೇ ಕಥೆ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ವಿಪ್‌ಲ್ಯಾಶ್’ ನೋಡಿದ ರಾತ್ರಿ ಚೆನ್ನಾಗಿಯೇ ಬಂದಿತ್ತು.

‘ವಿಪ್‌ಲ್ಯಾಶ್’ ಕೊನೆಯನ್ನು ಜನ ಗೆಲುವು ಅನ್ನುತ್ತಾರೆ. ಕಾರ್ನೆಗಿ ಹಾಲಿನಲ್ಲಿ ಫ್ಲೆಚರ್ ಸೇಡಿಗಾಗಿ ಹುಡುಗನಿಗೆ ಗೊತ್ತಿಲ್ಲದ ರಚನೆ ಎತ್ತಿ ಮಾನ ಕಳೆಯುತ್ತಾನೆ. ಹುಡುಗ ಎದ್ದು ಬಂದು ಅಪ್ಪನ ಎದೆಗೆ ಬೀಳುತ್ತಾನೆ, ಆಮೇಲೆ ತಿರುಗಿ ಹೋಗಿ ‘ಕ್ಯಾರವಾನ್’ ಎತ್ತಿಕೊಂಡು ಮಾಸ್ತರನನ್ನೂ ಮೀರಿ ಬಾರಿಸುತ್ತಾನೆ. ಕೊನೆಗೆ ಇಬ್ಬರೂ ನಗುತ್ತಾರೆ. ಆದರೆ ಶಜೆಲ್‌ನನ್ನು ಕೇಳಿದಾಗ ಅವನು ಹೇಳಿದ್ದು ಬೇರೆ: ಫ್ಲೆಚರ್ ತಾನೇ ಗೆದ್ದೆ ಅಂದುಕೊಳ್ಳುತ್ತಾನೆ, ಆ್ಯಂಡ್ರೂ ಒಳಗೆ ಬರಿದಾಗಿ ಮೂವತ್ತು ನಲವತ್ತರ ನಡುವೆಯೇ ಮಾದಕ ದ್ರವ್ಯಕ್ಕೆ ಬಲಿಯಾಗುತ್ತಾನೆ ಅಂತ. ನಿರ್ದೇಶಕನೇ ಹೀಗಂದಮೇಲೂ ಈ ಚಿತ್ರದ ತುಣುಕನ್ನು ಕೋಚಿಂಗ್ ಕ್ಲಾಸಿನವರು, ಜಿಮ್ಮಿನವರು ‘ಸಾಧನೆಗೆ ಸ್ಫೂರ್ತಿ’ ಅಂತ ವಾಟ್ಸ್‌ಆ್ಯಪಿನಲ್ಲಿ ಹರಿಬಿಡುತ್ತಾರೆ.

ಹೋದ ಮೊಹರಂನಲ್ಲಿ ಮುದಗಲ್ಲಿಗೆ ಹೋಗಿದ್ದೆ. ಕತ್ತಲ ರಾತ್ರಿಯ ಮುಂಚಿನ ಸಂಜೆ. ಹೆಜ್ಜೆಮೇಳದವರು ಗೆಜ್ಜೆ ಕಟ್ಟುತ್ತಿದ್ದರು, ಓಣಿಯ ತುದಿಯಲ್ಲಿ ಜೋಳದ ಸೊಪ್ಪಿ ಉರಿ ಹಾಕಿ ನಾಲ್ಕೈದು ಜನ ಹಲಗಿ ಕಾಯಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಬೆಂಕಿಗೆ ಹಿಡಿದು ತಿರುವುತ್ತ, ತೋರುಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿ ಕಿವಿ ಕೊಟ್ಟು, ಮತ್ತೆ ಹಿಡಿಯುವುದು. ಆ ಕಿವಿ ಕೊಡುವ ರೀತಿಯಿಂದಲೇ ಗುರುತು ಸಿಕ್ಕಿತು. ತಲೆ ಬೆಳ್ಳಗಾಗಿತ್ತು. ಅವನೇ.

‘ಏನಪಾ ಸಖಿ’ ಅಂದ, ಮರೆತಿರಲಿಲ್ಲ.

ಮಾತಿಗೆ ಮಾತು ಬಂದು ಮೊಬೈಲಿನಲ್ಲಿ ಆ ಕೊನೆಯ ಡ್ರಮ್ಸ್ ತೋರಿಸಿದೆ. ಸುತ್ತ ಗದ್ದಲ, ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಅವನು ಸ್ಕ್ರೀನನ್ನು ಕಿವಿಗೆ ಹಿಡಿದ, ನೋಡಲಿಲ್ಲ. ಹುಡುಗ ಬಡಿತವನ್ನು ಪೂರಾ ಇಳಿಸಿ, ಒಂದೊಂದೇ ಪೆಟ್ಟನ್ನು ದೂರದೂರ ಇಟ್ಟು ಮೆಲ್ಲಗೆ ಏರಿಸುವಲ್ಲಿ ಮಾತ್ರ ‘ಹಾಂ, ಈಗ ಬಾರಸಾಕ ಹತ್ಯಾನ. ಮದಲಿಂದೆಲ್ಲ ಸಿಟ್ಟು’ ಅಂದ. ಆಮೇಲೆ ಹಿಂದಕ್ಕೆ ಸರಿಸಿ ನೋಡಿದ.

‘ಇವ ಯಾರು, ಅಪ್ಪಿಕೊಂಡವ?’

‘ಅವನಪ್ಪ.’

‘ಆ ಬೋಳುತಲಿಯವ?’

‘ಮಾಸ್ತರ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಪ್ಪನ್ನ ಬಿಟ್ಟು ವಾಪಸ್ ಯಾಕ ಹೋದ ಇವ?’

ನಾನು ಉತ್ತರ ಹುಡುಕುತ್ತಿದ್ದೆ. ಪಕ್ಕದಲ್ಲಿ ಎಂಟು ಹತ್ತು ವರ್ಷದ ಒಂದು ಹುಡುಗ, ಮೊಮ್ಮಗನಿರಬೇಕು, ಸಣ್ಣ ಹಲಗಿ ಎದೆಗೊತ್ತಿ ಬಾರಿಸಲು ಶುರು ಮಾಡಿದ್ದ. ಲಯ ಓಡುತ್ತಿತ್ತು, ನನಗೂ ಗೊತ್ತಾಗುವಷ್ಟು. ಅವನು ಮೊಬೈಲು ನನ್ನ ಕೈಗಿಟ್ಟು, ತನ್ನ ಹಲಗಿ ಎತ್ತಿಕೊಂಡ. ಹುಡುಗನಿಗೆ ಏನೂ ಅನ್ನಲಿಲ್ಲ. ಅವನ ಬಡಿತದ ಪಕ್ಕದಲ್ಲೇ ತನ್ನದನ್ನು ಇಟ್ಟು, ಎರಡು ಸುತ್ತು ಅವನ ಸಂಗಡ ತಾನೂ ಓಡಿ, ಮೂರನೇ ಸುತ್ತಿಗೆ ಒಂದು ಕೂದಲೆಳೆಯಷ್ಟು ಜಗ್ಗಿದ. ಹುಡುಗ ಮುಖ ನೋಡಿದ. ಮತ್ತೊಂದೆಳೆ ಜಗ್ಗಿದ. ಸೊಪ್ಪಿಯ ಉರಿ ಆರುತ್ತ ಬಂದಿತ್ತು, ಯಾರೋ ಇನ್ನೊಂದು ಹಿಡಿ ತಂದು ಹಾಕಿದರು.